ಗೋಡೆ ಮತ್ತು ಗಾಳಿ: ಸಸ್ಯಗೃಹಗಳ ಚರಿತ್ರೆಯಲ್ಲಿ ವಾಯುಸಂಚಾರದ ಸ್ಥಾನ

1. ವಿಷಯ ಪ್ರವೇಶ

ಸಸ್ಯಗಳನ್ನು ಆವರಣದೊಳಗೆ ಬೆಳೆಸುವ ಕಲೆಯ ಚರಿತ್ರೆಯೆಂದರೆ ಸಾಮಾನ್ಯವಾಗಿ ಗೋಡೆಯ ಚರಿತ್ರೆಯೇ ಆಗಿಬಿಡುತ್ತದೆ. ಮೊದಲು ಇಟ್ಟಿಗೆಯ ಗೋಡೆ, ಅನಂತರ ಕಬ್ಬಿಣ ಮತ್ತು ಗಾಜಿನ ಗೋಡೆ, ಆ ಬಳಿಕ ಪಾಲಿಥೀನ್ ಹಾಳೆ, ಕೊನೆಗೆ ಬಟ್ಟೆಯ ಗುಡಾರ ಎಂದು ಕಾಲಾನುಕ್ರಮವಾಗಿ ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಗೋಡೆ ಕಣ್ಣಿಗೆ ಕಾಣುತ್ತದೆ. ಅದರ ನಕ್ಷೆ ಉಳಿದಿರುತ್ತದೆ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ. ಆ ಗೋಡೆಗಳ ನಡುವೆ ಹರಿದ ಗಾಳಿಯಾದರೋ ಯಾವ ಕುರುಹನ್ನೂ ಬಿಟ್ಟುಹೋಗುವುದಿಲ್ಲ.

ಇಂದು ಮನೆಯ ಒಂದು ಕೋಣೆಯಲ್ಲಿ ಕೃತಕ ಬೆಳಕಿನ ಕೆಳಗೆ ಸಸಿ, ಸೊಪ್ಪುಗಳನ್ನು ಬೆಳೆಸುವುದಕ್ಕೆ ಬಳಸುವ ಗುಡಾರವೊಂದುಂಟು. ಉಕ್ಕಿನ ಕೊಳವೆಗಳ ಚೌಕಟ್ಟು, ಅದಕ್ಕೆ ಹೊದಿಸಿದ ದಟ್ಟವಾದ ಬಟ್ಟೆ, ಬಟ್ಟೆಯ ಒಳಮೈಗೆ ಬೆಳಕನ್ನು ಹಿಂದಿರುಗಿಸುವ ಹೊಳೆಯುವ ಲೇಪ, ಬಾಗಿಲಿಗೆ ಜಿಪ್ಪು: ಇಷ್ಟೇ ಅದರ ರಚನೆ. ಮೇಲ್ಭಾಗದಲ್ಲಿ ಒಂದು ಫ್ಯಾನು ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಇದನ್ನು ಹೊಸದಾಗಿ ಕೊಂಡವರು ಫ್ಯಾನನ್ನು ತಿರುಗಿಸಿದೊಡನೆ ಒಂದು ವಿಚಿತ್ರವನ್ನು ಕಾಣುತ್ತಾರೆ. ಯಾರೂ ತಳ್ಳದೆಯೇ ಗುಡಾರದ ನಾಲ್ಕು ಗೋಡೆಗಳೂ ಒಳಕ್ಕೆ ಬಾಗುತ್ತವೆ; ಫ್ಯಾನು ಬಲವಾದಷ್ಟೂ ಬಾಗು ಹೆಚ್ಚುತ್ತದೆ; ಕೆಲವು ವೇಳೆ ಬಟ್ಟೆ ಗಿಡಗಳಿಗೆ ಒತ್ತಿಕೊಂಡು, ಕೊಳವೆಗಳು ಸೊಟ್ಟಗಾಗುತ್ತವೆ. ಕೊಂಡವರು ಗೋಡೆ ದುರ್ಬಲವೆಂದು ದೂರುತ್ತಾರೆ.

ನಮ್ಮ ಅಭಿಪ್ರಾಯದಲ್ಲಿ ಆ ದೂರು ಸರಿಯಲ್ಲ. ಬಾಗಿದ ಗೋಡೆ ಒಂದು ದೋಷವೆನ್ನುವುದಕ್ಕಿಂತ ಒಂದು ಸಾಕ್ಷ್ಯವೆನ್ನುವುದು ಹೆಚ್ಚು ಯುಕ್ತ. ಮುನ್ನೂರು ವರ್ಷಗಳಿಂದ ಗಟ್ಟಿಯಾದ ಗೋಡೆಗಳು ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಈ ತೆಳುಗೋಡೆ ಬಯಲುಮಾಡುತ್ತಿದೆ. ಸಸ್ಯಗೃಹವನ್ನು ಉಳಿಸುವುದೂ ಕೆಡಿಸುವುದೂ ಬಹುಮಟ್ಟಿಗೆ ಅದರ ಗಾಳಿಯ ಲೆಕ್ಕವೇ ಎಂಬುದನ್ನು ಈ ಪ್ರಬಂಧದಲ್ಲಿ ನಾವು ಕೆಲವು ನಿದರ್ಶನಗಳಿಂದ ಪರಿಶೀಲಿಸಲು ಯತ್ನಿಸುತ್ತೇವೆ.

2. ಬೆಂಕಿಯೇ ಫ್ಯಾನು: ಈವ್‌ಲಿನ್ನನ ಯೋಜನೆ

ಆವರಣದಲ್ಲಿ ಬೆಳೆ ತೆಗೆಯುವ ಪ್ರಯತ್ನ ಬಹು ಹಳೆಯದು. ರೋಮ್ ಚಕ್ರವರ್ತಿ ಟೈಬೀರಿಯಸನ (ಕ್ರಿ. ಶ. 14-37) ಊಟಕ್ಕಾಗಿ ಚಕ್ರಗಳ ಮೇಲಿಟ್ಟ ಪಾತಿಗಳಲ್ಲಿ ಸೌತೆಯ ಜಾತಿಯ ಕಾಯಿಗಳನ್ನು ಬೆಳೆಸಿ, ಚಳಿಯ ದಿನಗಳಲ್ಲಿ ಅವನ್ನು ಪಾರದರ್ಶಕ ಶಿಲೆಯ ಹಲಗೆಗಳ ಕೆಳಗೆ ಸರಿಸುತ್ತಿದ್ದರೆಂದು ಹಿರಿಯ ಪ್ಲಿನಿ ಬರೆದಿದ್ದಾನೆ. ಅಲ್ಲಿ ಪಾತಿಯೇ ಹೊರಗೂ ಒಳಗೂ ಓಡಾಡುತ್ತಿದ್ದುದರಿಂದ ಗಾಳಿಯ ಪ್ರಶ್ನೆ ತಲೆದೋರಲಿಲ್ಲ. ಗಿಡವನ್ನು ಚಳಿಗಾಲವಿಡೀ ಒಳಗೇ ಇಟ್ಟಾಗ ಆ ಪ್ರಶ್ನೆ ಎದ್ದಿತು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಿತ್ತಳೆ, ನಿಂಬೆ ಮೊದಲಾದ ಬೆಚ್ಚನೆಯ ನಾಡಿನ ಗಿಡಗಳನ್ನು ಇಟ್ಟಿಗೆಯ ಮನೆಗಳಲ್ಲಿ ಕೂಡಿ, ಒಳಗೆ ಒಲೆ ಹಚ್ಚುತ್ತಿದ್ದರು. ಗಿಡಗಳು ಚಳಿಯಿಂದ ಪಾರಾದರೂ ಬಾಡುತ್ತಿದ್ದವು. ಇದಕ್ಕೆ ನಿಂತ ಗಾಳಿಯೂ ಒಂದು ಕಾರಣವೆಂದು ಬಗೆದವರಲ್ಲಿ ಜಾನ್ ಈವ್‌ಲಿನ್ ಪ್ರಮುಖನು. 1691ರಲ್ಲಿ ಪ್ರಕಟವಾದ ತನ್ನ ತೋಟಗಾರಿಕೆಯ ಪಂಚಾಂಗದ ಹೊಸ ಆವೃತ್ತಿಯಲ್ಲಿ ಅವನು ಒಂದು ಹೊಸ ಬಗೆಯ ಸಸ್ಯಗೃಹವನ್ನು ವರ್ಣಿಸಿದನು. ಅದರ ಒಲೆ ಮನೆಯ ಹೊರಗಿರುತ್ತದೆ. ಉರಿಯುವುದಕ್ಕೆ ಆ ಒಲೆಗೆ ಬೇಕಾದ ಗಾಳಿ ಮನೆಯೊಳಗಿನಿಂದಲೇ, ನೆಲದಡಿಯ ನಾಳದ ಮೂಲಕ ಹೋಗಬೇಕು. ಹೀಗೆ ಒಳಗಿನ ಹಳೆಯ ಗಾಳಿಯನ್ನು ಒಲೆ ಎಳೆದುಕೊಂಡಂತೆಲ್ಲ, ಅದರ ಸ್ಥಾನಕ್ಕೆ ಹೊರಗಿನ ಹೊಸ ಗಾಳಿ ಬೇರೆ ಕೊಳವೆಗಳಿಂದ ಬರುತ್ತದೆ. ಆ ಕೊಳವೆಗಳು ಒಲೆಯ ನಡುವೆಯೇ ಹಾದುಬರುವುದರಿಂದ ಗಾಳಿ ಬೆಚ್ಚಗಾಗಿ ಒಳಸೇರುತ್ತದೆ.

ಈ ಯೋಜನೆಯನ್ನು ಇಂದಿನ ಗುಡಾರದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ತತ್ತ್ವವೂ ಒಂದೇ ಎಂಬುದು ವಿದಿತವಾಗುತ್ತದೆ. ಒಂದು ಬಾಯಿಂದ ಎಳೆಯುವುದು, ಇನ್ನೊಂದು ಬಾಯಿಂದ ತಾನಾಗಿ ಬರಲು ಬಿಡುವುದು. ಈವ್‌ಲಿನ್ನನ ಬೆಂಕಿಯೇ ಇಂದಿನ ಫ್ಯಾನು. ಬೆಂಕಿಯ ಎಳೆತದಿಂದ ಅವನ ಮನೆಯೊಳಗೂ ಗಾಳಿಯ ಒತ್ತಡ ಹೊರಗಿನದಕ್ಕಿಂತ ಒಂದಿಷ್ಟು ಕಡಿಮೆಯಾಗಿಯೇ ಇರಬೇಕು. ಆದರೆ ಇಟ್ಟಿಗೆಯ ಗೋಡೆ ಬಾಗುವುದಿಲ್ಲವಾದುದರಿಂದ ಅದು ಯಾರ ಕಣ್ಣಿಗೂ ಬೀಳಲು ಸಾಧ್ಯವಿರಲಿಲ್ಲ.

3. ಮುಚ್ಚಿದ ಪೆಟ್ಟಿಗೆ

ಈವ್‌ಲಿನ್ನನ ಕಾಲದಲ್ಲಿ ಸಸ್ಯಕ್ಕೆ ಗಾಳಿ ಏಕೆ ಬೇಕೆಂಬುದು ತಿಳಿದಿರಲಿಲ್ಲ. ಸಸ್ಯಗಳು ಗಾಳಿಯಿಂದಲೂ ಆಹಾರವನ್ನು ಪಡೆಯುತ್ತವೆಂದು ಸ್ಟೀಫನ್ ಹೇಲ್ಸನು 1727ರ ತನ್ನ ಗ್ರಂಥದಲ್ಲಿ ಸೂಚಿಸಿದನು. ಅವನೇ 1743ರಲ್ಲಿ ಹಡಗು ಮೊದಲಾದವುಗಳಿಗೆ ಗಾಳಿಯಾಡಿಸುವ ಯಂತ್ರಗಳನ್ನು ಕುರಿತು ಪುಸ್ತಕ ಬರೆದನೆಂಬುದು ಗಮನಾರ್ಹ. ಬೆಳಕಿನಲ್ಲಿ ಮಾತ್ರ ಹಸಿರೆಲೆಗಳು ಗಾಳಿಯನ್ನು ಶುದ್ಧಿಗೊಳಿಸುತ್ತವೆಂಬುದನ್ನು ಇಂಗೆನ್‌ಹೌಸ್ 1779ರಲ್ಲಿ ತೋರಿಸಿಕೊಟ್ಟನು.

ಹೀಗಿರಲಾಗಿ, 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡನಿಗೆ ಒಂದು ವಿರುದ್ಧವಾದ ಅನುಭವವಾಯಿತು. ಪತಂಗದ ಕೋಶವೊಂದನ್ನು ಅವನು ತೇವದ ಮಣ್ಣಿನೊಡನೆ ಮುಚ್ಚಳದ ಸೀಸೆಯಲ್ಲಿಟ್ಟಿದ್ದನು. ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ಒಂದು ಜರಿಗಿಡವೂ ಒಂದು ಹುಲ್ಲೂ ಮೊಳೆತವು. ಹೊಗೆ ತುಂಬಿದ ಅವನ ತೋಟದಲ್ಲಿ ಬದುಕದ ಜರಿಗಿಡ ಮುಚ್ಚಿದ ಸೀಸೆಯಲ್ಲಿ ಬದುಕಿತು. 1833ರಲ್ಲಿ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಸಸ್ಯಗಳನ್ನು ತುಂಬಿ ಅವನು ಸಿಡ್ನಿಗೆ ಕಳುಹಿಸಿದನು. ಹಲವು ತಿಂಗಳ ಯಾನದ ಬಳಿಕವೂ ಅವು ಜೀವಂತವಾಗಿದ್ದವು. ಪೆಟ್ಟಿಗೆಗಳು ಮರುವರ್ಷ ಆಸ್ಟ್ರೇಲಿಯದ ಸಸ್ಯಗಳನ್ನು ಹೊತ್ತು ಹಿಂದಿರುಗಿದವು. ಚೀನದ ಚಹಾ ಗಿಡಗಳು ಹಿಮಾಲಯದ ತಪ್ಪಲಿಗೂ, ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೂ ಬಂದುದು ಈ ಬಗೆಯ ಪೆಟ್ಟಿಗೆಗಳಲ್ಲಿಯೇ.

ಇದರಿಂದ ಸಸ್ಯಕ್ಕೆ ಹೊರಗಿನ ಗಾಳಿ ಬೇಡವೇ ಬೇಡವೆಂಬ ತೀರ್ಮಾನಕ್ಕೆ ಬಂದವರುಂಟು. ಆದರೆ ತನ್ನ ಪೆಟ್ಟಿಗೆಗಳು ಗಾಳಿಯಾಡದಂತೆ ಬಿಗಿಯಾದುವಲ್ಲವೆಂದು ವಾರ್ಡನೇ ಸ್ಪಷ್ಟಪಡಿಸಿದ್ದನು. ಮರ ಮತ್ತು ಗಾಜಿನ ಸಂದುಗಳಲ್ಲಿ ಗಾಳಿ ನಿಧಾನವಾಗಿ ಒಳಗೂ ಹೊರಗೂ ಸರಿದಾಡುತ್ತಿದ್ದಿತು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದಾಗ ಗಾಜು ಸಿಡಿಯದೆ ಉಳಿದುದಕ್ಕೆ ಆ ಸಂದುಗಳೇ ಕಾರಣವೆಂದು ನಾವು ಊಹಿಸಬಹುದು. ಅಲ್ಲದೆ ಪೆಟ್ಟಿಗೆ ಉಳಿಸಿದುದು ನಿಧಾನವಾಗಿ ಬೆಳೆಯುವ ಸಸಿಯನ್ನು. ಬೆಳಕು, ಶಾಖಗಳನ್ನು ಧಾರಾಳವಾಗಿ ಕೊಟ್ಟು ಬೆಳೆಯ ಫಲವನ್ನು ಬಯಸುವವನಿಗೆ ಸಂದಿನ ಗಾಳಿ ಸಾಲದು.

4. ಕಬ್ಬಿಣ, ಗಾಜು ಮತ್ತು ಇದ್ದಲು

ಗಾಜಿನ ಮನೆಗಳ ವೈಭವದ ಕಾಲ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗ. 1836ರಿಂದ 1840ರವರೆಗೆ ಜೋಸೆಫ್ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನಲ್ಲಿ ಕಟ್ಟಿಸಿದ ಮಹಾ ಸಸ್ಯಗೃಹ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರವಾಗಿದ್ದಿತು. ಎಂಟು ಬಾಯ್ಲರುಗಳು, ಸುಮಾರು ಏಳು ಮೈಲಿ ಉದ್ದದ ಬಿಸಿನೀರಿನ ಕೊಳವೆಗಳು ಅದನ್ನು ಬೆಚ್ಚಗಿಟ್ಟಿದ್ದವು. ನೋಡುವವರ ಕಣ್ಣಿಗೆ ಬೀಳದಂತೆ ಇದ್ದಲು ನೆಲದೊಳಗಿನ ಹಳಿಯ ಮೇಲೆ ಬರುತ್ತಿದ್ದಿತು. ಕ್ಯೂ ಉದ್ಯಾನದ ತಾಳೆಮನೆಯಲ್ಲಿಯೂ (1844-48) ಬಾಯ್ಲರುಗಳು ನೆಲಮಾಳಿಗೆಯಲ್ಲಿದ್ದು, ಹೊಗೆಯನ್ನು ಸುರಂಗದಿಂದ ದೂರದ ಗೋಪುರವೊಂದಕ್ಕೆ ಸಾಗಿಸುವ ಏರ್ಪಾಡಿದ್ದಿತು.

ಈ ಮಹಾಗೃಹಗಳನ್ನು ನಡೆಸಿದವರು ಯಾರು? ಇದ್ದಲನ್ನು ಹಾಕುತ್ತಿದ್ದವರು, ಬಿಸಿಲೇರಿದಂತೆ ಗಾಳಿಬಾಯಿಗಳನ್ನು ತೆರೆದು ಸಂಜೆಗೆ ಮುಚ್ಚುತ್ತಿದ್ದ ಆಳುಗಳು. ಕಟ್ಟಿದ ಶಿಲ್ಪಿಯ ಹೆಸರು ಚರಿತ್ರೆಯಲ್ಲಿ ಉಳಿದಂತೆ ಇವರ ಹೆಸರು ಉಳಿಯಲಿಲ್ಲ. ಆದರೆ ಚಾಟ್ಸ್‌ವರ್ತ್ ಸಸ್ಯಗೃಹದ ಅಂತ್ಯವನ್ನು ನೋಡಿದರೆ ಇವರ ಕೆಲಸದ ಬೆಲೆ ತಿಳಿಯುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದ್ದಲೂ ಆಳುಗಳೂ ದೊರೆಯದೆ ಬೆಂಕಿ ಆರಿತು, ಗಿಡಗಳು ಸತ್ತವು. ಗೋಡೆ ಮಾತ್ರ ಗಟ್ಟಿಯಾಗಿಯೇ ನಿಂತಿದ್ದಿತು. 1920ರಲ್ಲಿ ಅದನ್ನು ಕೆಡಹಲು ಸಿಡಿಮದ್ದನ್ನು ಬಳಸಬೇಕಾಯಿತು. ಒಂದೇ ಏಟಿಗೆ ಅದು ಬೀಳಲೂ ಇಲ್ಲ. ಉಸಿರು ನಿಂತ ಮೇಲೆ ದೇಹ ಉಳಿದಿತ್ತು, ಅಷ್ಟೆ.

ನಮ್ಮ ನಾಡಿನ ನಿದರ್ಶನವೂ ಇಲ್ಲಿ ವಿಚಾರಾರ್ಹ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಸ್ತಿಭಾರ ಹಾಕಿದನು. ಆಗ ಉದ್ಯಾನದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮೆರಾನ್. ಆಕಾರದಲ್ಲಿ ಇದು ಇಂಗ್ಲೆಂಡಿನ ಗಾಜಿನ ಅರಮನೆಯ ಸಂತತಿ. ಪ್ರಯೋಜನದಲ್ಲಿ ಮಾತ್ರ ಬೇರೆ. ಬೆಂಗಳೂರಿನ ಹವೆಯಲ್ಲಿ ಶಾಖವನ್ನು ಕೂಡಿಹಾಕುವ ಅಗತ್ಯವಿರಲಿಲ್ಲ. ಫಲಪುಷ್ಪ ಪ್ರದರ್ಶನಕ್ಕೆ ಯೋಗ್ಯವಾದ ಬೆಳಕಿನ ಮಂಟಪ ಬೇಕಾಗಿದ್ದಿತು. ಒಂದೇ ಬಗೆಯ ಗೋಡೆ ಚಳಿನಾಡಿನಲ್ಲಿ ಉಗ್ರಾಣವಾಗಿದ್ದುದು ಇಲ್ಲಿ ಚಪ್ಪರವಾಯಿತು. ಬಂಗಾಳದ ವೀಳ್ಯದೆಲೆಯ ಬೆಳೆಗಾರರಾದರೋ ಗಾಜಿನ ಹಂಗೇ ಇಲ್ಲದೆ ಬಿದಿರು, ಸೆಣಬಿನ ಕಡ್ಡಿಗಳಿಂದ ಬೋರೋಜ್ ಎಂಬ ಸಸ್ಯಗೃಹವನ್ನು ಕಟ್ಟುತ್ತಾರೆ. ಅದರ ಗೋಡೆ ಬಿಸಿಲನ್ನೂ ಬಿರುಗಾಳಿಯನ್ನೂ ತಡೆಯುತ್ತದೆ. ಮೆಲ್ಲನೆಯ ಗಾಳಿಯನ್ನು ಮೈಯೆಲ್ಲದರಿಂದಲೂ ಒಳಗೆ ಬಿಡುತ್ತದೆ. ಎಲ್ಲೆಡೆಯೂ ಬಾಯಿರುವ ಗೋಡೆಗೆ ಬಾಗುವ ಪ್ರಸಂಗವೇ ಬಾರದು.

5. ಗಾಳಿಯ ಮೇಲೆ ನಿಂತ ಗೋಡೆ

ಇಪ್ಪತ್ತನೆಯ ಶತಮಾನದಲ್ಲಿ ಗೋಡೆ ಹಗುರವಾಯಿತು. 1933ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿಯಲ್ಪಟ್ಟ ಪಾಲಿಥೀನ್ ಯುದ್ಧಾನಂತರ ಅಗ್ಗದ ಹಾಳೆಯ ರೂಪದಲ್ಲಿ ದೊರೆಯತೊಡಗಿತು. ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಎಮರಿ ಎಮರ್ಟ್ 1948ರ ಸುಮಾರಿನಲ್ಲಿ ಗಾಜನ್ನು ಕೊಳ್ಳಲಾರದ ರೈತರಿಗಾಗಿ ಪ್ಲಾಸ್ಟಿಕ್ ಹಾಳೆಯ ಸಸ್ಯಗೃಹವನ್ನು ರೂಪಿಸಿದನು. ಹಗುರವಾದ ಈ ಹಾಳೆ ಗಾಳಿಗೆ ಪಟಪಟನೆ ಬಡಿದು ಬೇಗ ಹರಿಯುತ್ತಿದ್ದಿತು. 1964ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯದ ವಿಲಿಯಂ ರಾಬರ್ಟ್ಸ್ ಇದಕ್ಕೆ ಪರಿಹಾರವಾಗಿ ಎರಡು ಹಾಳೆಗಳನ್ನು ಹೊದಿಸಿ, ಸಣ್ಣ ಫ್ಯಾನಿನಿಂದ ಅವುಗಳ ನಡುವೆ ಗಾಳಿಯನ್ನು ಊದಿ ಉಬ್ಬಿಸಿದನು. ಉಬ್ಬಿದ ಹಾಳೆಗಳು ಬಿಗಿದು ನಿಂತವು. ನಡುವಿನ ಗಾಳಿ ಶಾಖವನ್ನೂ ಕಾಯ್ದಿತು. ಸಾಮಾನ್ಯವಾಗಿ ಇದಕ್ಕೆ ಬೇಕಾಗುವ ಒತ್ತಡ 50ರಿಂದ 60 ಪ್ಯಾಸ್ಕಲ್, ಎಂದರೆ ಸುಮಾರು ಆರು ಮಿಲಿಮೀಟರ್ ಎತ್ತರದ ನೀರಿನ ಭಾರದಷ್ಟು ಮಾತ್ರ. ಒಳಗಿನ ಜೀವಕ್ಕೆ ಉಸಿರಾಗಿದ್ದ ಗಾಳಿ ಇಲ್ಲಿ ಗೋಡೆಗೆ ಎಲುಬೂ ಆಯಿತು.

ಈಗ ನಾವು ಆರಂಭದಲ್ಲಿ ಹೇಳಿದ ಗುಡಾರಕ್ಕೆ ಹಿಂದಿರುಗೋಣ. ಅದರ ಅಗಲ, ಆಳಗಳು ತಲಾ 1.2 ಮೀಟರ್, ಎತ್ತರ 2 ಮೀಟರ್ ಎಂದಿಟ್ಟುಕೊಂಡರೆ ಒಂದು ಗೋಡೆಯ ಕ್ಷೇತ್ರ 2.4 ಚದರ ಮೀಟರ್. ಫ್ಯಾನು ಗಂಟೆಗೆ 200 ಘನ ಮೀಟರ್ ಗಾಳಿಯನ್ನು ಹೊರಹಾಕುತ್ತಿದ್ದು, ಒಳಬರುವುದಕ್ಕೆ 10 ಸೆಂಟಿಮೀಟರ್ ವ್ಯಾಸದ ಒಂದೇ ರಂಧ್ರವಿದ್ದರೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 80 ಪ್ಯಾಸ್ಕಲ್ ಕಡಿಮೆಯಾಗುತ್ತದೆ. ಆಗ ಒಂದೊಂದು ಗೋಡೆಯ ಮೇಲೂ ಬೀಳುವ ಬಲ 190 ನ್ಯೂಟನ್, ಅಂದರೆ ಸುಮಾರು 19 ಕಿಲೋಗ್ರಾಮಿನ ಭಾರ. ಬಟ್ಟೆ ಬಾಗಿದುದರಲ್ಲಿ ಆಶ್ಚರ್ಯವೇನು?

ಪರಿಹಾರವೂ ಇದೇ ಲೆಕ್ಕದಲ್ಲಿದೆ. 1738ರಲ್ಲಿ ಡೇನಿಯಲ್ ಬರ್ನೂಲಿ ಪ್ರಕಟಿಸಿದ ದ್ರವಚಲನೆಯ ತತ್ತ್ವದಿಂದ ತಿಳಿಯುವಂತೆ, ರಂಧ್ರದಲ್ಲಿ ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡದ ವ್ಯತ್ಯಾಸ ನಾಲ್ಮಡಿಯಾಗುತ್ತದೆ. ಅದೇ ರೀತಿ ಒಳಬಾಯಿಯ ಕ್ಷೇತ್ರವನ್ನು ಮೂರು ಪಟ್ಟು ಮಾಡಿದರೆ ವ್ಯತ್ಯಾಸ ಒಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಗೋಡೆಯ ಮೇಲಿನ ಭಾರ 19 ಕಿಲೋಗ್ರಾಮಿನಿಂದ ಎರಡಕ್ಕೆ ಬರುತ್ತದೆ. ಇನ್ನೂ ದಪ್ಪನೆಯ ಬಟ್ಟೆಯನ್ನಾಗಲಿ ಹೆಚ್ಚು ಕೊಳವೆಗಳನ್ನಾಗಲಿ ಹುಡುಕುವ ಮೊದಲು ಕೆಳಗಿನ ಗಾಳಿಬಾಯಿಗಳನ್ನು ತೆರೆಯುವುದು, ಇಲ್ಲವೆ ಫ್ಯಾನಿನ ವೇಗವನ್ನು ಇಳಿಸುವುದು, ಅದೂ ಸಾಲದಿದ್ದರೆ ಒಳಕ್ಕೆ ಊದುವ ಇನ್ನೊಂದು ಸಣ್ಣ ಫ್ಯಾನನ್ನು ಜೋಡಿಸುವುದು ಯುಕ್ತ. ಆದರೆ ಬಾಗನ್ನು ಪೂರ್ತಿಯಾಗಿ ಇಲ್ಲವಾಗಿಸಬೇಕೆಂದಿಲ್ಲ. ಒಳಗಿನ ಗಾಳಿಯೆಲ್ಲ ಇದ್ದಲಿನ ಶೋಧಕದ ಮೂಲಕವೇ ಹೊರಹೋಗಬೇಕು, ವಾಸನೆ ಸಂದುಗಳಿಂದ ಕೋಣೆಗೆ ಹರಡಬಾರದು ಎನ್ನುವವರಿಗೆ ಒಳಗಿನ ಒತ್ತಡ ಸ್ವಲ್ಪ ಕಡಿಮೆಯಾಗಿಯೇ ಇರಬೇಕು. ಹೊರಗಿನ ಧೂಳು, ಕೀಟಗಳು ಸಂದುಗಳಿಂದ ನುಸುಳಬಾರದೆನ್ನುವವರು ಗಾಳಿಯನ್ನು ಶೋಧಿಸಿ ಒಳಕ್ಕೆ ಊದಬೇಕು. ಆಗ ಗೋಡೆ ಹೊರಕ್ಕೆ ಉಬ್ಬುತ್ತದೆ. ಯಾವುದು ಬೇಕೆಂಬುದು ಬೆಳೆಗಾರನ ಉದ್ದೇಶವನ್ನು ಅವಲಂಬಿಸಿದೆ. ಗೋಡೆಯ ಬಾಗು ಆ ಉದ್ದೇಶವನ್ನು ಅಳೆಯುವ ಮಾಪಕ.

6. ಶ್ವಾಸಕೋಶವಿದ್ದ ಮನೆ

ಸಂದೂ ಬಾಯೂ ಇಲ್ಲದಂತೆ ನಿಜವಾಗಿಯೂ ಮುಚ್ಚಿದ ಸಸ್ಯಗೃಹವೊಂದನ್ನು ಕಟ್ಟಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಅಮೆರಿಕದ ಅರಿಜೋನದಲ್ಲಿ ದೊರೆಯಿತು. ಬಯೋಸ್ಫಿಯರ್ 2 ಎಂಬ ಹೆಸರಿನ, ಮೂರು ಎಕರೆಗಿಂತ ಹೆಚ್ಚು ವಿಸ್ತಾರದ ಉಕ್ಕು ಮತ್ತು ಗಾಜಿನ ಆವರಣದಲ್ಲಿ ಎಂಟು ಜನರು 1991ರ ಸೆಪ್ಟೆಂಬರ್ 26ರಿಂದ ಎರಡು ವರ್ಷಗಳ ಕಾಲ ಅಲ್ಲಿಯೇ ಬೆಳೆದುದನ್ನು ಉಂಡು ವಾಸಿಸಿದರು.

ಮುಚ್ಚಿದ ಪಾತ್ರೆಯಲ್ಲಿ ಗಾಳಿಯ ಉಷ್ಣತೆ 15 ಡಿಗ್ರಿಯಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಒತ್ತಡ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಅದೆಂದರೆ ಪ್ರತಿ ಚದರ ಮೀಟರ್ ಗಾಜಿನ ಮೇಲೆ ಸುಮಾರು 700 ಕಿಲೋಗ್ರಾಮಿನ ಭಾರ. ಮರುಭೂಮಿಯ ಒಂದೇ ಹಗಲು ಆ ಮನೆಯನ್ನು ಸಿಡಿಸಲು ಸಾಕಾಗಿದ್ದಿತು. ಆದುದರಿಂದ ಎಂಜಿನಿಯರುಗಳು ಅದಕ್ಕೆ ಎರಡು ಶ್ವಾಸಕೋಶಗಳನ್ನು ಕೂಡಿಸಿದರು. ಸುರಂಗದಿಂದ ಜೋಡಿಸಿದ ಪ್ರತ್ಯೇಕ ಗುಮ್ಮಟಗಳೊಳಗೆ ಭಾರವಾದ ಲೋಹದ ತಟ್ಟೆಯೊಂದನ್ನು ರಬ್ಬರಿನಂತಹ ಪೊರೆ ಹಿಡಿದಿರುತ್ತದೆ. ಹಗಲು ಗಾಳಿ ಹಿಗ್ಗಿದಾಗ ತಟ್ಟೆ ಏರುತ್ತದೆ. ಇರುಳು ಕುಗ್ಗಿದಾಗ ಇಳಿಯುತ್ತದೆ. ಕದಲಲಾರದ ಗಾಜಿನ ಪರವಾಗಿ ಕದಲುವ ಪೊರೆಯೊಂದು ಬಾಗುತ್ತಿದ್ದಿತು.

ಗೋಡೆ ಉಳಿಯಿತು, ಆದರೆ ಗಾಳಿ ಕೆಟ್ಟಿತು. ಒಳಗಿನ ಆಮ್ಲಜನಕ ಸುಮಾರು ಶೇಕಡ 21ರಿಂದ 14ರ ಆಸುಪಾಸಿಗೆ ಇಳಿದು, 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಂಡಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡಿನ ಬಹುಭಾಗವನ್ನು ಹಸಿರೆಲೆಗಳಿಗೆ ಸಿಗುವ ಮೊದಲೇ ಕಟ್ಟಡದ ಕಾಂಕ್ರೀಟು ಹೀರಿಕೊಂಡಿದ್ದಿತು. ಗಾಳಿಯ ಲೆಕ್ಕದಲ್ಲಿ ಒತ್ತಡ ಒಂದು ಬಾಬು; ಅದರ ಗುಣ ಇನ್ನೊಂದು. ಒಂದನ್ನು ಸರಿದೂಗಿಸಿದ ಮಾತ್ರಕ್ಕೆ ಇನ್ನೊಂದು ಸರಿಯಾಗುವುದಿಲ್ಲ.

7. ಉಪಸಂಹಾರ

ಮೇಲ್ಕಂಡ ನಿದರ್ಶನಗಳಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆಂದು ನಾವು ಭಾವಿಸುತ್ತೇವೆ. ಮೊದಲನೆಯದಾಗಿ, ಇಟ್ಟಿಗೆಯಿಂದ ಬಟ್ಟೆಯವರೆಗೆ ಗೋಡೆ ಹಗುರವಾದಂತೆಲ್ಲ ಗಾಳಿಯ ಲೆಕ್ಕದ ತಪ್ಪುಗಳು ಬೇಗ ಬಯಲಿಗೆ ಬಂದಿವೆ. ಈವ್‌ಲಿನ್ನನ ಮನೆಯಲ್ಲಿ ಅಂಥ ತಪ್ಪು ತಿಂಗಳುಗಳ ಬಳಿಕ ಬಾಡಿದ ಎಲೆಯಲ್ಲಿ ಕಾಣಬಹುದಾಗಿದ್ದಿತು. ಗುಡಾರದಲ್ಲಿ ಅದು ಕ್ಷಣಮಾತ್ರದಲ್ಲಿ ಗೋಡೆಯ ಮೇಲೆ ಕಾಣುತ್ತದೆ. ಎರಡನೆಯದಾಗಿ, ಹೊರಕ್ಕೆ ಎಳೆಯುವ ಬಲವನ್ನು ಹೆಚ್ಚಿಸಿದವರು ಒಳಬರುವ ದಾರಿಯನ್ನೂ ಯೋಚಿಸಬೇಕೆಂಬ ನಿಯಮ ಎಲ್ಲ ಕಾಲಕ್ಕೂ ಒಂದೇ ಆಗಿದೆ.

ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ನಮ್ಮ ರಾಜ್ಯದಲ್ಲಿ ದೊಣ್ಣೆಮೆಣಸಿನಕಾಯಿ, ಗುಲಾಬಿ, ಜರ್ಬೆರಾಗಳಿಗಾಗಿ ಸಾಲ ಮಾಡಿ ಪಾಲಿಹೌಸ್ ಕಟ್ಟಿದ ರೈತರಿದ್ದಾರೆ. ಬದಿಯ ಪರದೆಗಳನ್ನು ಸುತ್ತಿ ಎತ್ತುವುದು, ನೆತ್ತಿಯ ಸಂದಿನಿಂದ ಬಿಸಿಗಾಳಿ ತಾನಾಗಿ ಹೊರಹೋಗಲು ಬಿಡುವುದು ಅವರ ನಿತ್ಯದ ಕೆಲಸ. ಪರದೆಯನ್ನು ಯಾವಾಗ ಎತ್ತಬೇಕು, ಬಿರುಗಾಳಿ ಬಂದಾಗ ಯಾವ ಬದಿಯನ್ನು ಮುಚ್ಚಬೇಕು ಎಂಬ ತಿಳಿವಳಿಕೆಯ ಮೇಲೆ ಆ ವರ್ಷದ ಬೆಳೆಯೂ ಸಾಲದ ಕಂತೂ ನಿಂತಿರುತ್ತವೆ. ಚಾಟ್ಸ್‌ವರ್ತಿನ ಆಳುಗಳ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ. ಈ ರೈತರ ತಿಳಿವಳಿಕೆಯನ್ನಾದರೂ ಬರೆದಿಡುವುದು ಇಂದಿನ ಚರಿತ್ರೆಯ ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಅದಕ್ಕಾಗಿ ಅವರು ದೂರ ಹೋಗಬೇಕಾಗಿಲ್ಲ. ಸಮೀಪದ ಪಾಲಿಹೌಸೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು, ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ, ಯಾರ ಕೈ ಅದನ್ನು ನಡೆಸುತ್ತದೆ ಎಂಬುದನ್ನು ನೋಡಿ ಬರೆದುಕೊಂಡರೆ ಸಾಕು.